ಪೊಟ್ಟಣದಲ್ಲಿ ಏನಿದೆ ಅಂತ ಕೇಳಿ

ಈ ಸಲ ಬಂದ ಪತ್ರಗಳಲ್ಲಿ ಮುಕ್ಕಾಲು ಪಾಲು ಗಿಡಮೂಲಿಕೆ ಔಷಧಿಯ ಬಗ್ಗೆಯೇ. ಎಲ್ಲದಕ್ಕೂ ಇಲ್ಲಿ ಜಾಗ ಸಾಲದು, ಆರನ್ನು ಆರಿಸಿಕೊಂಡಿದ್ದೇನೆ. ಹೊಸ ಓದುಗರಿಗೆ ಒಂದು ಮಾತು: ನಾನು ಆಯುರ್ವೇದ ಓದಿದವಳು, ಮೈಸೂರಿನಲ್ಲಿ ಎಷ್ಟೋ ವರ್ಷ ದ್ರವ್ಯಗುಣ, ಅಂದರೆ ಔಷಧಿ ಗಿಡಗಳ ಗುಣದ ಪಾಠ ಮಾಡಿದವಳು. ನಮ್ಮ ತಾತ ನಾಗಮಂಗಲದ ಕಡೆ ನಾಟಿ ವೈದ್ಯರಾಗಿದ್ದರು. ನಾನು ಎಲ್ಲಿ ನಿಂತು ಮಾತಾಡುತ್ತಿದ್ದೇನೆ ಅಂತ ನಿಮಗೆ ಗೊತ್ತಿರಲಿ ಅಂತ ಹೇಳಿದೆ.

ಪ್ರಶ್ನೆ: ಮೇಡಂ, ನಮ್ಮ ತಾಯಿಗೆ 64 ವರ್ಷ, ಮಂಡಿ ನೋವು. ಸಂತೆಗೆ ಬರುವ ಒಬ್ಬರು ಬೇರಿನ ಪುಡಿ ಅಂತ ಪೊಟ್ಟಣ ಕಟ್ಟಿಕೊಟ್ಟರು. ಮೂರೇ ದಿನಕ್ಕೆ ನೋವು ಹೋಯಿತು. ಏಳು ತಿಂಗಳಿಂದ ತೆಗೆದುಕೊಳ್ಳುತ್ತಿದ್ದಾರೆ. ಈಗ ಮುಖ ದುಂಡಗೆ ಊದಿಕೊಂಡಿದೆ, ಮೊದಲು ಶುಗರ್ ಇರಲಿಲ್ಲ, ಈಗ 260 ಬಂದಿದೆ. ಗಿಡಮೂಲಿಕೆಯಿಂದ ಹೀಗಾಗುತ್ತದಾ? ಇವತ್ತೇ ನಿಲ್ಲಿಸಿಬಿಡಲಾ? (ಮಗಳು, ಕೆ.ಆರ್. ಪೇಟೆ)

ಉತ್ತರ: ದಯವಿಟ್ಟು ಇವತ್ತೇ ನಿಲ್ಲಿಸಬೇಡಿ. ಇವತ್ತೇ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ. ಎರಡಕ್ಕೂ ತುಂಬಾ ವ್ಯತ್ಯಾಸ ಇದೆ, ಹೇಳುತ್ತೇನೆ.

ನೀವು ಬರೆದಿರುವ ಲಕ್ಷಣ ನೋಡಿದರೆ ಆ ಪುಡಿಯಲ್ಲಿ ಸ್ಟೀರಾಯ್ಡ್ ಬೆರೆಸಿದ್ದಾರೆ ಅನ್ನುವ ಅನುಮಾನ ನನಗೆ ಬಲವಾಗಿ ಬರುತ್ತದೆ. ಡೆಕ್ಸಾಮೆಥಸೋನ್, ಪ್ರೆಡ್ನಿಸೊಲೋನ್ ಥರದ ಮಾತ್ರೆ ತುಂಬಾ ಅಗ್ಗ. ನಾಲ್ಕು ಮಾತ್ರೆ ಅರೆದು ಶುಂಠಿಯೋ ಅಶ್ವಗಂಧವೋ ಯಾವುದಾದರೂ ಪುಡಿಗೆ ಸೇರಿಸಿದರೆ ಮುಗಿಯಿತು, ಹತ್ತು ವರ್ಷದ ನೋವು ಮೂರು ದಿನಕ್ಕೆ ಹೋಗುತ್ತದೆ, ಹಸಿವು ಜಾಸ್ತಿಯಾಗುತ್ತದೆ, ಅಮ್ಮ ಮೈಕೈ ತುಂಬಿಕೊಂಡರು ಅಂತ ಮನೆಯವರಿಗೂ ಖುಷಿಯಾಗುತ್ತದೆ. ಆಮೇಲೆ ಮುಖ ಊದುತ್ತದೆ, ಶುಗರ್ ಏರುತ್ತದೆ, ಬಿಪಿ ಏರುತ್ತದೆ, ಮೂಳೆ ಸವೆಯುತ್ತದೆ, ಚರ್ಮ ತೆಳುವಾಗಿ ಸ್ವಲ್ಪ ತಾಗಿದರೂ ನೀಲಿಗಟ್ಟುತ್ತದೆ. ನಾನು ಕಲಿತ ಯಾವ ಬೇರೂ ಸವೆದ ಮಂಡಿಯ ನೋವನ್ನು ಮೂರು ದಿನದಲ್ಲಿ ತೆಗೆಯುವುದಿಲ್ಲ. ಅಷ್ಟು ಬೇಗ ಗುಣ ಕಂಡರೆ ಖುಷಿಪಡುವ ಮೊದಲು ಅನುಮಾನ ಪಡಬೇಕು.

ತಕ್ಷಣ ನಿಲ್ಲಿಸಬಾರದು ಅಂದೆನಲ್ಲ, ಅದು ಯಾಕೆ ಅಂದರೆ, ನಮ್ಮ ಮೂತ್ರಪಿಂಡದ ಮೇಲೆ ಟೋಪಿ ಥರ ಕೂತಿರುವ ಅಡ್ರಿನಲ್ ಗ್ರಂಥಿ ದಿನಾ ಸ್ವಲ್ಪ ಸ್ಟೀರಾಯ್ಡ್ ತಾನೇ ತಯಾರಿಸುತ್ತದೆ. ಹೊರಗಿನಿಂದ ತಿಂಗಳುಗಟ್ಟಲೆ ಬಂದರೆ ಅದು ಕೆಲಸ ನಿಲ್ಲಿಸಿಬಿಡುತ್ತದೆ. ಪುಡಿ ಒಮ್ಮೆಗೇ ಬಿಟ್ಟರೆ ಒಳಗಿನದೂ ಇಲ್ಲ, ಹೊರಗಿನದೂ ಇಲ್ಲ. ಬಿಪಿ ಕುಸಿದು, ವಾಂತಿಯಾಗಿ, ಪ್ರಜ್ಞೆ ತಪ್ಪಿ ಜೀವಕ್ಕೇ ಅಪಾಯ ಆಗಬಹುದು. ಡಾಕ್ಟರು ಲೆಕ್ಕ ಹಾಕಿ ನಿಧಾನವಾಗಿ ಇಳಿಸುತ್ತಾರೆ. ಹೋಗುವಾಗ ಪೊಟ್ಟಣ ತೆಗೆದುಕೊಂಡು ಹೋಗಿ. ಬೈಯುತ್ತಾರೆ ಅಂತ ಹೆದರಿ ಮುಚ್ಚಿಡಬೇಡಿ. ಮಂಡ್ಯದ ಮಿಮ್ಸ್ ಆಸ್ಪತ್ರೆ ನಿಮಗೆ ದೂರವೇನಲ್ಲ. ಅಲ್ಲಿಯವರೆಗೆ ತಾಯಿಗೆ ವಾಂತಿ, ತೀರಾ ಸುಸ್ತು, ತಲೆಸುತ್ತು ಬಂದರೆ ಬೆಳಗಾಗಲಿ ಅಂತ ಕಾಯಬೇಡಿ, ರಾತ್ರಿಯಾದರೂ ಹೊರಡಿ.

ಆ ಮನುಷ್ಯ ಮುಂದಿನ ಸಂತೆಗೆ ಬಂದರೆ ಒಂದೇ ಮಾತು ಕೇಳಿ, 'ಇದರಲ್ಲಿ ಯಾವ ಗಿಡ ಹಾಕಿದ್ದೀರಿ?' ಹೆಸರು ಹೇಳದಿದ್ದರೆ ಊರಿನ ಇನ್ನೊಬ್ಬರು ಅವನ ಹತ್ತಿರ ಕೊಳ್ಳದ ಹಾಗೆ ನೋಡಿಕೊಳ್ಳಿ. ಸಿಟ್ಟಿಗೆ ಹೇಳುತ್ತಿಲ್ಲ. ನಿಮ್ಮ ತಾಯಿಯ ಹಾಗೆ ಅದೇ ಸಂತೆಯಲ್ಲಿ ಇನ್ನೂ ಎಷ್ಟು ಜನ ತೆಗೆದುಕೊಂಡಿರುತ್ತಾರೆ, ಯೋಚಿಸಿ.

ಪ್ರಶ್ನೆ: ಕುಕ್ಕರಹಳ್ಳಿ ಕೆರೆ ವಾಕಿಂಗ್ ಮುಗಿಸಿ ದಿನಾ ಸೋರೆಕಾಯಿ ಜ್ಯೂಸ್ ಕುಡಿಯುತ್ತೇನೆ. ಮೊನ್ನೆ ಸಿಕ್ಕಾಪಟ್ಟೆ ಕಹಿ ಇತ್ತು. ಕಹಿ ಇದ್ದಷ್ಟೂ ಒಳ್ಳೆಯದು ಅಂತ ಜೊತೆಯವರು ಹೇಳಿದರು, ನಿಜವಾ? (ನಿವೃತ್ತ ನೌಕರ, ಸರಸ್ವತಿಪುರಂ)

ಉತ್ತರ: ಅಲ್ಲ ಸಾರ್. ಹಾಗಲಕಾಯಿ ಕಹಿ ಇರಬೇಕು, ಸೋರೆಕಾಯಿ ಕಹಿ ಇರಲೇಬಾರದು. ಕಹಿ ಸೋರೆಯಲ್ಲಿ ಕುಕುರ್ಬಿಟಾಸಿನ್ ಅನ್ನುವ ವಿಷ ಇರುತ್ತದೆ. ರಕ್ತವಾಂತಿ, ಭೇದಿ ಆಗಿ ಆಸ್ಪತ್ರೆ ಸೇರಿದವರಿದ್ದಾರೆ, 2010ರಲ್ಲಿ ದೆಹಲಿಯಲ್ಲಿ ಒಬ್ಬ ವಿಜ್ಞಾನಿ ಪ್ರಾಣವನ್ನೇ ಕಳೆದುಕೊಂಡರು. ಆಮೇಲೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಸಮಿತಿ ಮಾಡಿ, ಕಹಿ ಇದ್ದರೆ ಕುಡಿಯಬೇಡಿ ಅಂತ ಎಚ್ಚರಿಕೆ ಕೊಟ್ಟಿತು. ಒಂದು ಚೂರು ನಾಲಿಗೆಗೆ ಇಟ್ಟು ನೋಡಿ, ಕಹಿ ಅನ್ನಿಸಿದರೆ ಉಗಿದು ಚೆಲ್ಲಿ. ಕೊಟ್ಟ ದುಡ್ಡಿನ ಮುಖ ನೋಡಬೇಡಿ.

ಪ್ರಶ್ನೆ: ಕೊರೊನಾ ಸಮಯದಿಂದ ನಾವು ಮನೆಮಂದಿಯೆಲ್ಲ ದಿನಾ ಅಮೃತಬಳ್ಳಿ ಕಷಾಯ ಕುಡಿಯುತ್ತೇವೆ. ಕಾಂಪೌಂಡಿನ ಮೇಲೇ ಹಬ್ಬಿದೆ. ಲಿವರ್ ಹಾಳಾಗುತ್ತದೆ ಅಂತ ಮಗ ಈಗ ಬೇಡ ಅನ್ನುತ್ತಾನೆ. ಅಮೃತ ಅನ್ನುವ ಹೆಸರೇ ಇದೆ, ಅದು ವಿಷ ಹೇಗೆ ಆಗುತ್ತದೆ? (ಗೃಹಿಣಿ, ಕುವೆಂಪುನಗರ)

ಉತ್ತರ: ನಿಮ್ಮ ಮಗ ಸುಮ್ನೆ ಹೆದರಿಸುತ್ತಿಲ್ಲ ಅಮ್ಮ. 2020ರ ಸೆಪ್ಟೆಂಬರ್ ಮತ್ತು ಡಿಸೆಂಬರ್ ನಡುವೆ ಮುಂಬೈನ ಲಿವರ್ ತಜ್ಞರು 6 ಜನ ರೋಗಿಗಳನ್ನು ನೋಡಿದರು. ಎಲ್ಲರೂ ಅಮೃತಬಳ್ಳಿ ಕುಡಿದವರು, ಎಲ್ಲರ ಲಿವರಿಗೂ ಏಟು ಬಿದ್ದಿತ್ತು. ಮಾರನೇ ವರ್ಷ ಅವರು ಅದನ್ನು ಬರೆದು ಪ್ರಕಟಿಸಿದರು. ಆಯುಷ್ ಸಚಿವಾಲಯ ಒಪ್ಪಲಿಲ್ಲ. ಅಮೃತಬಳ್ಳಿಯನ್ನೇ ಹೋಲುವ ಅದರ ಅಣ್ಣತಮ್ಮನಂಥ ಬಳ್ಳಿ ಇದೆ, ಟೈನೋಸ್ಪೋರಾ ಕ್ರಿಸ್ಪಾ ಅಂತ, ಇವರು ಅದನ್ನು ಕುಡಿದಿರಬಹುದು ಅಂತ ಹೇಳಿತು. ಆ ಮಾತನ್ನು ತಳ್ಳಿಹಾಕುವ ಹಾಗಿಲ್ಲ, ಹೊರಗೆ ಸಿಗುವ ಕಾಂಡದ ತುಂಡು ನೋಡಿ ಯಾವುದು ಯಾವುದು ಅಂತ ಹೇಳುವುದು ನಮಗೂ ಕಷ್ಟವೇ. ಆದರೆ 2022ರಲ್ಲಿ ದೇಶದ 13 ಆಸ್ಪತ್ರೆಗಳು ಸೇರಿ ಇಂಥದ್ದೇ 43 ರೋಗಿಗಳ ವರದಿ ಕೊಟ್ಟವು. ಅಷ್ಟೂ ಜನರದು ಬೇರೆ ಬಳ್ಳಿ ಅಂತ ವಾದ ಮಾಡಲು ನನಗೆ ಮನಸ್ಸು ಬರುವುದಿಲ್ಲ.

ನನಗೆ ತೋಚುವುದು ಇಷ್ಟು. ಈ ಬಳ್ಳಿ ನಮ್ಮ ರೋಗನಿರೋಧಕ ಶಕ್ತಿಯನ್ನು ಎಬ್ಬಿಸುತ್ತದೆ ಅಂತ ಹೊಗಳುತ್ತೇವೆ, ಅಲ್ವಾ? ಎಬ್ಬಿಸುವುದು ನಿಜವಾದರೆ, ಆ ಶಕ್ತಿ ಈಗಾಗಲೇ ದಾರಿ ತಪ್ಪಿ ತನ್ನ ದೇಹದ ಮೇಲೇ ಬಿದ್ದಿರುವವರಲ್ಲಿ, ಅಂದರೆ ಥೈರಾಯ್ಡಿನ ಕೆಲವು ಕಾಯಿಲೆ, ಸಂಧಿವಾತ, ಸೋರಿಯಾಸಿಸ್ ಇರುವವರಲ್ಲಿ, ಅದು ತೊಂದರೆಯನ್ನೂ ಎಬ್ಬಿಸಬಹುದು. ಈ ರೋಗಿಗಳಲ್ಲಿ ಹಲವರಿಗೆ ಅಂಥ ಕಾಯಿಲೆಯ ಹಿನ್ನೆಲೆ ಇತ್ತು. ಕುಡಿಯುವುದನ್ನು ನಿಲ್ಲಿಸಿದ ಮೇಲೆ ಹೆಚ್ಚಿನವರು ಚೇತರಿಸಿಕೊಂಡರು. ಕೋಟಿಗಟ್ಟಲೆ ಜನ ಕುಡಿದರು, ತೊಂದರೆಯಾದದ್ದು ಕೆಲವರಿಗೆ. ಆದರೆ ಆ ಕೆಲವರಲ್ಲಿ ನೀವು ಇದ್ದೀರೋ ಇಲ್ಲವೋ ಅಂತ ಕುಡಿಯುವ ಮೊದಲು ತಿಳಿಯುವುದಿಲ್ಲವಲ್ಲ.

ಇನ್ನೊಂದು ವಿಷಯ ಇದೆ, ನಾನು ಇದನ್ನೇ ಮುಖ್ಯ ಅಂತ ಅಂದುಕೊಂಡಿದ್ದೇನೆ. ಯಾವ ಆಯುರ್ವೇದ ಗ್ರಂಥ ಆರೋಗ್ಯವಂತರಿಗೆ, ಮನೆಮಂದಿಗೆಲ್ಲ, ವರ್ಷಗಟ್ಟಲೆ, ಒಂದೇ ಪ್ರಮಾಣದಲ್ಲಿ ಕಷಾಯ ಕುಡಿಸಿ ಅಂತ ಹೇಳಿದೆ? ನಾವು ಪಾಠ ಮಾಡುವಾಗ ಮೊದಲು ಹೇಳುವುದೇ ರೋಗಿ ಯಾರು, ಕಾಲ ಯಾವುದು, ಪ್ರಮಾಣ ಎಷ್ಟು, ಎಷ್ಟು ದಿನ ಅಂತ. ಈಗ ನಿಲ್ಲಿಸಿ. ಇಷ್ಟು ವರ್ಷ ಕುಡಿದಿದ್ದೀರಿ ಅಂತ ಒಮ್ಮೆ ಲಿವರಿನ ಸ್ಥಿತಿ ನೋಡುವ ರಕ್ತ ಪರೀಕ್ಷೆ, ಎಲ್‌ಎಫ್‌ಟಿ ಮಾಡಿಸಿಕೊಳ್ಳಿ, ಎಲ್ಲ ಲ್ಯಾಬಿನಲ್ಲೂ ಮಾಡುತ್ತಾರೆ. ಬಳ್ಳಿ ಕಾಂಪೌಂಡಿನ ಮೇಲೆ ಹಾಗೇ ಇರಲಿ, ಅದರ ತಪ್ಪೇನಿಲ್ಲ.

ಪ್ರಶ್ನೆ: ಮಗಳಿಗೆ 40 ದಿನ. ನಮ್ಮತ್ತೆ ದಿನಾ ಬಜೆ ತೇಯ್ದು ಜೇನುತುಪ್ಪದಲ್ಲಿ ನೆಕ್ಕಿಸುತ್ತಾರೆ. ಮಾತು ಚೆನ್ನಾಗಿ ಬರುತ್ತದಂತೆ. ನನಗೆ ಭಯ, ಆದರೆ ಅತ್ತೆಗೆ ಎದುರು ಹೇಳಲು ಆಗುತ್ತಿಲ್ಲ. (ಬಾಣಂತಿ, ಶ್ರೀರಂಗಪಟ್ಟಣ)

ಉತ್ತರ: ಈ ಪುಟವನ್ನು ಅತ್ತೆಗೇ ಕೊಡಿ, ಅವರ ಹತ್ತಿರ ನಾನೇ ಮಾತಾಡುತ್ತೇನೆ.

ಅಮ್ಮಾ, ನಿಮ್ಮ ಮನೆಯಲ್ಲಿ ಬಜೆ ನೆಕ್ಕಿಸಿಕೊಂಡೇ ಎಲ್ಲರೂ ಬೆಳೆದಿರಬಹುದು, ನನಗೂ ನಮ್ಮಜ್ಜಿ ನೆಕ್ಕಿಸಿದ್ದಾರೆ. ಆದರೂ ಈ ಮಗುವಿಗೆ ಬೇಡ. ಬಜೆ ಅಂದರೆ ನಮ್ಮ ಶಾಸ್ತ್ರದ ವಚಾ. ಜಾಸ್ತಿಯಾದರೆ ವಾಂತಿ ಮಾಡಿಸುತ್ತದೆ ಅಂತ ಆಯುರ್ವೇದವೇ ಹೇಳುತ್ತದೆ. ಅದರಲ್ಲಿ ಬೀಟಾ ಅಸರೋನ್ ಅನ್ನುವ ಎಣ್ಣೆಯ ಅಂಶ ಇದೆ. ಇಲಿಗಳಿಗೆ ತಿನ್ನಿಸಿದಾಗ ಗಡ್ಡೆ ಬೆಳೆದವು ಅಂತ ಅಮೆರಿಕ 1968ರಲ್ಲೇ ಬಜೆಯನ್ನು ಆಹಾರಕ್ಕೆ ಬಳಸಬಾರದು ಅಂತ ಮಾಡಿತು. ನಮ್ಮ ದೇಶದ ಬಜೆಯಲ್ಲಿ ಆ ಅಂಶ ಬೇರೆ ದೇಶದ ಬಜೆಗಿಂತ ಜಾಸ್ತಿ. ಕಲ್ಲಿನ ಮೇಲೆ ಎರಡು ಸುತ್ತು ತೇಯ್ದೆ ಅನ್ನುತ್ತೀರಿ, ಇವತ್ತಿನ ಎರಡು ಸುತ್ತು ನಾಳೆಯ ಎರಡು ಸುತ್ತು ಒಂದೇ ಆಗಿರುವುದಿಲ್ಲ, ಮಗು ಇರುವುದು ನಾಲ್ಕು ಕೆಜಿ. ಜೇನುತುಪ್ಪವನ್ನಂತೂ ವರ್ಷ ತುಂಬುವವರೆಗೆ ಕೊಡಲೇಬಾರದು. ಅದರಲ್ಲಿ ಇರಬಹುದಾದ ಒಂದು ಬಗೆಯ ಬ್ಯಾಕ್ಟೀರಿಯಾ ದೊಡ್ಡವರಿಗೆ ಏನೂ ಮಾಡುವುದಿಲ್ಲ, ಹಸುಗೂಸಿನ ಕರುಳಲ್ಲಿ ವಿಷ ಬಿಟ್ಟು ಕೈಕಾಲಿನ ಶಕ್ತಿ ತೆಗೆದುಬಿಡುತ್ತದೆ. ಆರು ತಿಂಗಳು ತಾಯಿ ಹಾಲು ಮಾತ್ರ, ನೀರೂ ಬೇಡ. ಬಜೆ ಬೇಕೇ ಬೇಕು ಅಂದರೆ ಬಳೆಯಂತೆ ಪೋಣಿಸಿ ಕೈಗೆ ಕಟ್ಟುವ ಪದ್ಧತಿ ಇದೆಯಲ್ಲ, ಮಗು ಬಾಯಿಗೆ ಹಾಕಿಕೊಳ್ಳುವ ವಯಸ್ಸು ಬಂದರೆ ಅದೂ ಬೇಡ, ತೊಟ್ಟಿಲಿಗೆ ಮೇಲೆ ಎಲ್ಲಾದರೂ ಕಟ್ಟಿ. ಮಗು ಮಾತು ಕಲಿಯುವುದು ನೀವು ಅದರ ಜೊತೆ ಮಾತಾಡಿದಷ್ಟೂ. ಅಜ್ಜಿಯರಿಗಿಂತ ಚೆನ್ನಾಗಿ ಆ ಕೆಲಸ ಯಾರು ಮಾಡುತ್ತಾರೆ?

ಪ್ರಶ್ನೆ: ನಿಮ್ಮ ಅಂಕಣ ಓದಿ ಬೇಜಾರಾಗಿದೆ. ಆಯುರ್ವೇದದ ಅನ್ನ ತಿಂದು ಅದಕ್ಕೇ ಕಲ್ಲು ಹಾಕುತ್ತೀರಿ. ಇಂಗ್ಲಿಷ್ ಔಷಧಿಗೆ ಸೈಡ್ ಎಫೆಕ್ಟ್ ಇಲ್ಲವಾ? ಸಾವಿರಾರು ವರ್ಷದಿಂದ ಬಂದ ಔಷಧಿಗೆ ಇನ್ನೇನು ಸಾಕ್ಷಿ ಬೇಕು? (ಓದುಗರು, ಮೈಸೂರು)

ಉತ್ತರ: ಇದೆ, ಖಂಡಿತ ಇದೆ. ಪ್ಯಾರಾಸಿಟಮಾಲ್ ಜಾಸ್ತಿಯಾದರೆ ಲಿವರ್ ಹೋಗುತ್ತದೆ. ಆದರೆ ಅದು ಎಷ್ಟು ನುಂಗಿದರೆ ಹೋಗುತ್ತದೆ ಅಂತ ಗೊತ್ತು, ಹೋಗುತ್ತಿದ್ದರೆ ತಡೆಯುವ ಮದ್ದೂ ಗೊತ್ತು. ಯಾರೋ ಕೂತು ಎಣಿಸಿ ಬರೆದಿಟ್ಟಿದ್ದರಿಂದ ಗೊತ್ತು. ನಮ್ಮ ಔಷಧಿಗೂ ಅಷ್ಟೇ ಮರ್ಯಾದೆ ಸಿಗಲಿ ಅಂತ ನಾನು ಕೇಳುತ್ತಿರುವುದು.

ಗಿಡದಲ್ಲಿ ಶಕ್ತಿ ಇಲ್ಲ ಅಂತ ನಾನು ಯಾವತ್ತೂ ಹೇಳಿಲ್ಲ. ಶುಗರಿಗೆ ಎಲ್ಲರೂ ನುಂಗುವ ಮೆಟ್‌ಫಾರ್ಮಿನ್ ಯೂರೋಪಿನ ಒಂದು ಗಿಡದ ಜಾಡು ಹಿಡಿದು ಬಂದದ್ದು. ನಮ್ಮ ಸರ್ಪಗಂಧಿಯನ್ನು ಮುಂಬೈನ ಡಾ. ರುಸ್ತುಂ ಜಾಲ್ ವಕೀಲ್ ಬಿಪಿ ರೋಗಿಗಳಿಗೆ ಕೊಟ್ಟು, ಏನಾಯಿತು ಅಂತ ಅಳೆದು 1949ರಲ್ಲಿ ಬ್ರಿಟಿಷ್ ಹಾರ್ಟ್ ಜರ್ನಲ್‌ನಲ್ಲಿ ಬರೆದರು. ಆಮೇಲೆ ಜಗತ್ತೇ ಅದನ್ನು ಬಳಸಿತು. ಬಳಸುತ್ತಾ ಬಳಸುತ್ತಾ ಅದು ಕೆಲವರ ಮನಸ್ಸಿಗೆ ಖಿನ್ನತೆ ತರುತ್ತದೆ ಅಂತಲೂ ಕಂಡುಕೊಂಡಿತು. ಶಕ್ತಿ ಇರುವ ಕಡೆ ಅಪಾಯವೂ ಇರುತ್ತದೆ.

ಸಾವಿರಾರು ವರ್ಷ ಅಂದಿರಿ. ಹೊಟ್ಟೆಗೆ ಹೋದ ಕೂಡಲೇ ವಾಂತಿ ಮಾಡಿಸುವ ಗಿಡವನ್ನು ನಮ್ಮ ಹಿರಿಯರು ಖಂಡಿತ ಗುರುತಿಸುತ್ತಿದ್ದರು. ಇವತ್ತು ಕುಡಿದು ಎಷ್ಟೋ ವರ್ಷದ ಮೇಲೆ ಕಿಡ್ನಿ ಕೆಟ್ಟರೆ ಅದನ್ನು ಇದಕ್ಕೆ ಜೋಡಿಸುವುದು ಯಾರಿಗೆ ಸಾಧ್ಯ? ನಮ್ಮ ಈಶ್ವರಿ ಬಳ್ಳಿಯನ್ನೇ ತೆಗೆದುಕೊಳ್ಳಿ. ಹಾವು ಕಚ್ಚಿದರೆ ಅದರ ಬೇರು ಅಂತ ಹಳ್ಳಿಯಲ್ಲಿ ನಂಬುತ್ತಾರೆ. ಅದರ ಕುಲದ ಗಿಡಗಳಲ್ಲಿ ಅರಿಸ್ಟೋಲೋಕಿಕ್ ಆಮ್ಲ ಇದೆ. 1990ರ ಹೊತ್ತಿಗೆ ಬೆಲ್ಜಿಯಂನ ಬ್ರಸೆಲ್ಸ್‌ನಲ್ಲಿ ತೆಳ್ಳಗಾಗಲು ಚೀನೀ ಮೂಲಿಕೆಯ ಮಾತ್ರೆ ಕೊಡುತ್ತಿದ್ದರು. ಎರಡು ಚೀನೀ ಗಿಡದ ಹೆಸರು ಹೆಚ್ಚುಕಡಿಮೆ ಒಂದೇ ಥರ, ಹೀಗಾಗಿ ಒಂದರ ಬದಲು ಈಶ್ವರಿ ಬಳ್ಳಿಯ ಕುಲದ ಇನ್ನೊಂದು ಸೇರಿಬಿಟ್ಟಿತು. ನೂರಕ್ಕೂ ಹೆಚ್ಚು ಜನರ ಕಿಡ್ನಿ ಹಾಳಾಯಿತು, ಹಲವರಿಗೆ ಮುಂದೆ ಮೂತ್ರನಾಳದ ಕ್ಯಾನ್ಸರ್ ಕೂಡ ಬಂತು. ನಮ್ಮಲ್ಲಿ ಹೆಸರಿನ ಗೊಂದಲ ಕಡಿಮೆಯೇ? ಗ್ರಂಧಿಗೆ ಅಂಗಡಿಗೆ ಹೋಗಿ ಬ್ರಾಹ್ಮಿ ಕೇಳಿ, ಒಬ್ಬರು ಒಂದೆಲಗ ಕೊಡುತ್ತಾರೆ, ಇನ್ನೊಬ್ಬರು ನೀರು ಬ್ರಾಹ್ಮಿ ಕೊಡುತ್ತಾರೆ. ಎರಡೂ ಬೇರೆ ಬೇರೆ ಗಿಡ. ಇಲ್ಲಿ ಪ್ರಾಣಕ್ಕೇನೂ ಆಗುವುದಿಲ್ಲ, ಸರಿ. ಎಲ್ಲ ಜೋಡಿಯೂ ಅಷ್ಟು ಸಾಧು ಅಲ್ಲ.

ಸೀಸ, ಪಾದರಸದ ಮಾತು ಬಂದರೆ ವಿದೇಶಿ ಪಿತೂರಿ ಅನ್ನುತ್ತಾರೆ. 2008ರಲ್ಲಿ ಇಂಟರ್ನೆಟ್‌ನಲ್ಲಿ ಮಾರುತ್ತಿದ್ದ 193 ಆಯುರ್ವೇದ ಔಷಧಿಗಳನ್ನು ಪರೀಕ್ಷಿಸಿದ ವರದಿ ಬಂತು. ಐದರಲ್ಲಿ ಒಂದರಲ್ಲಿ ಸೀಸ, ಪಾದರಸ ಇಲ್ಲವೇ ಆರ್ಸೆನಿಕ್ ಇತ್ತು. ಅಮೆರಿಕದಲ್ಲಿ ತಯಾರಾದವುಗಳಲ್ಲೂ ಹೆಚ್ಚುಕಡಿಮೆ ಅಷ್ಟೇ, ಭಾರತದ್ದರಲ್ಲೂ ಅಷ್ಟೇ. ಪಿತೂರಿಯಾಗಿದ್ದರೆ ತಮ್ಮ ದೇಶದ್ದನ್ನು ಯಾಕೆ ಬರೆಯುತ್ತಿದ್ದರು? ನಮ್ಮ ದೇಶದ ಕಾನೂನಿನಲ್ಲೇ ಪಾದರಸ, ಎಕ್ಕ, ಉಮ್ಮತ್ತಿ, ಗುಲಗಂಜಿ, ಕಣಗಿಲೆ ಇವನ್ನೆಲ್ಲ ವಿಷದ ಪಟ್ಟಿಗೆ ಸೇರಿಸಿ, ಇವು ಸೇರಿದ ಔಷಧಿಯ ಮೇಲೆ 'ವೈದ್ಯರ ನಿಗಾದಲ್ಲಿ ಮಾತ್ರ' ಅಂತ ಬರೆಯಲೇಬೇಕು ಅಂತ ಇದೆ. ಲೇಬಲ್ ಇರುವ ಬಾಟಲಿಗೆ ಆ ಮಾತು ಬರುತ್ತದೆ. ಪೇಪರ್ ಪೊಟ್ಟಣಕ್ಕೆ ಯಾರು ಬರೆಯುತ್ತಾರೆ?

ನಮ್ಮ ಮೈಸೂರಿನ ಸರ್ಕಾರಿ ಆಯುರ್ವೇದ ಕಾಲೇಜು ಶುರುವಾದದ್ದು 1908ರಲ್ಲಿ. ಶತಮಾನ ದಾಟಿದೆ. ಅಲ್ಲಿ ಓದಿದವರು ಸಾಕ್ಷಿ ಕೇಳುವುದಕ್ಕೆ ಹೆದರಬಾರದು ಅಂತ ನನ್ನ ನಂಬಿಕೆ. ನಿಮ್ಮ ಬೇಜಾರು ನನಗೆ ಅರ್ಥವಾಗುತ್ತದೆ, ಆದರೆ ನಾನು ಮಾತು ಬದಲಿಸುವುದಿಲ್ಲ.

ಪ್ರಶ್ನೆ: ಅಕ್ಕಾ, ನಾನು ಮದ್ದೂರು ತಾಲ್ಲೂಕಿನವನು. ನಮ್ಮ ಮನೆಯಲ್ಲಿ ಮೂರು ತಲೆಮಾರಿಂದ ಕಾಮಾಲೆಗೆ ಸೊಪ್ಪಿನ ಔಷಧಿ ಕೊಡುತ್ತೇವೆ. ದುಡ್ಡು ತೆಗೆದುಕೊಳ್ಳುವುದಿಲ್ಲ. ಹೆಸರು ಹೇಳಿದರೆ ಔಷಧಿಯ ಗುಣ ಹೋಗುತ್ತದೆ ಅಂತ ನಮ್ಮಪ್ಪ ಭಾಷೆ ತೆಗೆದುಕೊಂಡಿದ್ದಾರೆ. ನೂರಕ್ಕೆ ತೊಂಬತ್ತು ಜನಕ್ಕೆ ವಾಸಿಯಾಗಿದೆ. ನನ್ನಂಥವನು ಏನು ಮಾಡಬೇಕು? (ನಾಟಿ ವೈದ್ಯ)

ಉತ್ತರ: ನಿಮ್ಮ ಪತ್ರವನ್ನು ನಾನು ಎರಡು ಮೂರು ಸಲ ಓದಿದೆ ತಮ್ಮಾ. ನಮ್ಮ ತಾತನೂ ಹೆಸರು ಹೇಳುತ್ತಿರಲಿಲ್ಲ. ಸರ್ಪಸುತ್ತಿಗೆ ಅವರು ಹಚ್ಚುತ್ತಿದ್ದ ಲೇಪ ಕೇಳಿಕೊಂಡು ಎಷ್ಟೋ ಹಳ್ಳಿಯಿಂದ ಜನ ಬರುತ್ತಿದ್ದರು. ಯಾವ ಸೊಪ್ಪು ಅಂತ ನಮ್ಮಪ್ಪನಿಗೂ ಹೇಳಲಿಲ್ಲ. ತಾತ ಹೋದರು, ಅದೂ ಹೋಯಿತು. ಅದು ಕೆಲಸ ಮಾಡುತ್ತಿತ್ತೋ, ಇಲ್ಲ ಸರ್ಪಸುತ್ತು ಎರಡು ಮೂರು ವಾರಕ್ಕೆ ತಾನಾಗಿ ಒಣಗುತ್ತಿತ್ತೋ, ಈಗ ನಾನು ದ್ರವ್ಯಗುಣ ಓದಿ ಏನು ಪ್ರಯೋಜನ, ತಿಳಿಯುವ ದಾರಿಯೇ ಇಲ್ಲ.

ಕಾಮಾಲೆಯದ್ದೂ ಇದೇ ಕಥೆ. ಕೊಳಕು ನೀರಿನಿಂದ ಬರುವ ಹೆಪಟೈಟಿಸ್ ಎ, ಇ ಕಾಮಾಲೆ ಹೆಚ್ಚಿನವರಲ್ಲಿ ಕೆಲವು ವಾರಕ್ಕೆ ತಾನೇ ಇಳಿಯುತ್ತದೆ. ನಿಮ್ಮ ತೊಂಬತ್ತು ಜನರಲ್ಲಿ ಔಷಧಿ ಕೊಡದಿದ್ದರೆ ಎಷ್ಟು ಜನ ವಾಸಿಯಾಗುತ್ತಿದ್ದರು ಅನ್ನುವುದೇ ಪ್ರಶ್ನೆ. ಕಾಮಾಲೆಗೆ ಕೊಡುವ ನೆಲನೆಲ್ಲಿಯ ಬಗ್ಗೆ ಹೇಳುತ್ತೇನೆ ಕೇಳಿ. 1988ರಲ್ಲಿ ಮದರಾಸಿನವರು ಹೆಪಟೈಟಿಸ್ ಬಿ ವೈರಸ್ ಮೈಯಲ್ಲಿ ಉಳಿದುಕೊಂಡವರಿಗೆ ನೆಲನೆಲ್ಲಿ ಪುಡಿ ಕೊಟ್ಟರು. ತೆಗೆದುಕೊಂಡ 37 ಜನರಲ್ಲಿ 22 ಜನರ ರಕ್ತದಲ್ಲಿ ವೈರಸ್ಸಿನ ಗುರುತು ಹೋಯಿತು. ಔಷಧಿಯಿಲ್ಲದ ಹುಸಿ ಪುಡಿ ತೆಗೆದುಕೊಂಡ 23 ಜನರಲ್ಲಿ ಒಬ್ಬರದು ಮಾತ್ರ ಹೋಯಿತು. ವೈದ್ಯಕೀಯ ಪತ್ರಿಕೆ ಲ್ಯಾನ್ಸೆಟ್‌ನಲ್ಲಿ ಬಂತು, ದೊಡ್ಡ ಸುದ್ದಿಯಾಯಿತು, ನಮಗೆಲ್ಲ ಹೆಮ್ಮೆ. ಆಮೇಲೆ ಬೇರೆ ಕಡೆ ಮಾಡಿ ನೋಡಿದಾಗ ಅಂಥ ಫಲ ಬರಲಿಲ್ಲ. ನನಗೆ ಬೇಸರವಾಯಿತು, ಆದರೆ ಒಂದು ಸಲ ಬಂದದ್ದು ಮತ್ತೆ ಮತ್ತೆ ಬರಬೇಕು, ಆಗಲೇ ನಂಬಬೇಕು. ಆ ಪ್ರಯೋಗವನ್ನು ಮತ್ತೆ ಮಾಡಿ ನೋಡಲು ಸಾಧ್ಯವಾದದ್ದೇ ಅವರು ಗಿಡದ ಹೆಸರು, ಪ್ರಮಾಣ ಬರೆದಿದ್ದಕ್ಕೆ.

ಈಗ ನಿಮ್ಮ ಕೆಲಸ. ಮೊದಲು ಒಂದು ಕಹಿ ಮಾತು: ಓದಿ ನೋಂದಣಿ ಮಾಡಿಸದವರು ವೈದ್ಯ ಅಂತ ಚಿಕಿತ್ಸೆ ಕೊಡುವ ಹಾಗಿಲ್ಲ ಅಂತ ಸುಪ್ರೀಂ ಕೋರ್ಟ್ 2018ರಲ್ಲಿ ಹೇಳಿದೆ. ದುಡ್ಡು ತೆಗೆದುಕೊಳ್ಳದಿದ್ದರೂ ಇದು ನಿಮಗೆ ಗೊತ್ತಿರಬೇಕು. ಆದರೂ ಜನ ನಿಮ್ಮ ಬಾಗಿಲಿಗೆ ಬಂದೇ ಬರುತ್ತಾರೆ. ಬಂದವರಲ್ಲಿ ಯಾರನ್ನು ತಕ್ಷಣ ಆಸ್ಪತ್ರೆಗೆ ಕಳಿಸಬೇಕು ಅಂತ ನೀವು ತಿಳಿದುಕೊಂಡರೆ ಅದೇ ಅರ್ಧ ಜೀವ ಉಳಿಸಿದ ಹಾಗೆ. ಬಸುರಿಯರು. ಹಸುಗೂಸು. ಮಂಪರು ಬಡಿದವರು, ಏನೇನೋ ಮಾತಾಡುವವರು. ಹಲ್ಲಲ್ಲಿ, ಮೂಗಲ್ಲಿ ರಕ್ತ ಬರುವವರು. ಮಲ ಸುಣ್ಣದ ಹಾಗೆ ಬೆಳ್ಳಗಾಗಿ ಮೈಯೆಲ್ಲ ತುರಿಸುವವರು, ಅವರಿಗೆ ಪಿತ್ತನಾಳದಲ್ಲಿ ಕಲ್ಲೋ ಗಡ್ಡೆಯೋ ಅಡ್ಡ ಕೂತಿರಬಹುದು, ಸೊಪ್ಪಿನ ರಸ ಅದನ್ನು ತೆಗೆಯುವುದಿಲ್ಲ. ಇನ್ನು ನಮ್ಮ ಮಂಡ್ಯದ ಕಡೆಗೆ ಮುಖ್ಯವಾದದ್ದು, ಗದ್ದೆಯಲ್ಲಿ ಕೆಲಸ ಮಾಡಿ ಜ್ವರ ಬಂದು, ಮೀನಖಂಡ ಹಿಂಡುವ ಹಾಗೆ ನೋವು ಬಂದು, ಕಣ್ಣು ಕೆಂಪಾಗಿ ಆಮೇಲೆ ಹಳದಿಯಾದರೆ ಅದು ಇಲಿಜ್ವರ ಇರಬಹುದು. ಅದಕ್ಕೆ ಆಂಟಿಬಯೋಟಿಕ್ ಬೇಕು, ಬೇಗ ಬೇಕು. ನಿಮ್ಮ ಹತ್ತಿರ ಕಳೆದ ಮೂರು ದಿನ ಅವರಿಗೆ ತುಂಬಾ ದುಬಾರಿ ಆಗುತ್ತದೆ.

ಎರಡನೆಯದು, ಒಂದು ನೋಟ್‌ಬುಕ್ ಇಡಿ. ಬಂದವರ ವಯಸ್ಸು, ರಕ್ತ ಪರೀಕ್ಷೆಯಲ್ಲಿ ಬಿಲಿರುಬಿನ್ (ಕಾಮಾಲೆಯಲ್ಲಿ ಏರುವ ಹಳದಿ ಅಂಶ) ಎಷ್ಟಿತ್ತು, ನೀವು ಎಷ್ಟು ಕೊಟ್ಟಿರಿ, ಹದಿನೈದು ದಿನಕ್ಕೆ ಏನಾಯಿತು. ವಾಸಿಯಾಗದವರನ್ನು, ವಾಪಸ್ ಬರದೇ ಹೋದವರನ್ನು ಬಿಡದೆ ಬರೆಯಿರಿ. ತೊಂಬತ್ತು ಜನ ಬಂದು ಕೈ ಮುಗಿದು ಹೋಗಿರುತ್ತಾರೆ, ಉಳಿದ ಹತ್ತು ಜನರ ಮನೆಗೆ ಯಾರೂ ಹೋಗಿ ಕೇಳಿರುವುದಿಲ್ಲ.

ಇನ್ನು ನಿಮ್ಮಪ್ಪನಿಗೆ ಕೊಟ್ಟ ಭಾಷೆ. ಊರಿಗೆಲ್ಲ ಸಾರಬೇಡಿ. ರೋಗಿಗೆ ಮಾತ್ರ ಹೇಳಿ, ಯಾಕೆಂದರೆ ನಾಳೆ ಅವನಿಗೆ ಮೈ ಕೆಟ್ಟು ಮಂಡ್ಯಕ್ಕೋ ಮೈಸೂರಿಗೋ ಹೋದರೆ ಡಾಕ್ಟರು ಕೇಳುವ ಮೊದಲ ಪ್ರಶ್ನೆಗೆ ಅವನ ಬಾಯಲ್ಲಿ ಉತ್ತರ ಇರಬೇಕು. ನಿಮ್ಮಪ್ಪ ಇನ್ನೂ ಇದ್ದರೆ ಅವರ ಹತ್ತಿರ ಕೂತು ಈ ಪತ್ರ ಓದಿ ಹೇಳಿ, ನಮ್ಮ ತಾತನ ವಿಷಯವನ್ನೂ ಹೇಳಿ. ಆಮೇಲೆ ಒಂದು ದಿನ ಗಿಡವನ್ನು ಬೇರು, ಹೂವು, ಕಾಯಿ ಸಮೇತ ಕಿತ್ತು ಹಳೇ ಪೇಪರಿನ ನಡುವೆ ಇಟ್ಟು ಒಣಗಿಸಿ, ಬಸ್ಸು ಹತ್ತಿ ಬನ್ನಿ. ಮೈಸೂರಿನ ಆಯುರ್ವೇದ ಕಾಲೇಜಿನಲ್ಲಿ ದ್ರವ್ಯಗುಣದವರನ್ನು ಕೇಳಿದರೆ ಅದು ಯಾವ ಗಿಡ ಅಂತ ಗುರುತಿಸಿ ಹೇಳುತ್ತಾರೆ. ಬರುವ ಮುಂಚೆ ಪತ್ರಿಕೆಯ ವಿಳಾಸಕ್ಕೆ ಒಂದು ಕಾರ್ಡು ಹಾಕಿ, ನಾನೂ ಬರುತ್ತೇನೆ.